ಕಾರಿನ ಮುಂಗಾಲಿನ ಕೀಲು

ಮೋಟಾರು ಗಾಡಿಯ ಮುಂದಿನ ಚಕ್ರಕ್ಕೆ ಉರುಳುವುದರ ಜೊತೆಗೆ ಬೇರೆರಡು ಚಲನೆಗಳೂ ಬೇಕು. ಹಳ್ಳ ದಿಣ್ಣೆಗಳಿಗೆ ತಕ್ಕಂತೆ ಅದು ಏರಿಳಿಯಬೇಕು. ಚಾಲಕನು ಸ್ಟಿಯರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ಹೊರಳಬೇಕು. ಈ ಎರಡನ್ನೂ ಒಂದೇ ಸ್ಥಳದಲ್ಲಿ ಒದಗಿಸುವ ಕೀಲು ಎಷ್ಟು ಚಿಕ್ಕದೆಂಬುದನ್ನು ಕಂಡವರು ಬೆರಗಾಗದೆ ಇರಲಾರರು. ಇಂಗ್ಲೆಂಡಿನ ಕವೆಂಟ್ರಿ ನಗರದ ಕ್ಯಾನ್ಲಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಈ ಕೀಲು ಹೇಗಿದೆ, ಅದು ಸವೆದಾಗ ಮನೆಯ ಅಂಗಳದಲ್ಲಿಯೇ ಬದಲಾಯಿಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ನಮ್ಮ ಓದುಗರಿಗೆ ಇದು ತೀರ ಪರದೇಶದ ಮಾತೂ ಅಲ್ಲ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೇ ವಂಶದ್ದು. ಅದರ ಮುಂಗಾಲಿನಲ್ಲಿಯೂ ಇದೇ ಜಾತಿಯ ಕೀಲು ಉಂಟು.

ಸ್ಪಿಟ್‌ಫೈರ್ ಕಾರಿನ ಮುಂಭಾಗದ ಮುಚ್ಚಳವೆಲ್ಲ ಒಂದೇ ತುಂಡು. ಅದನ್ನು ಮುಂದಕ್ಕೆ ಮಗುಚಿದೊಡನೆ ಚಕ್ರಗಳೂ ಎಂಜಿನ್ನೂ ತೆರೆದಿಟ್ಟ ಪೆಟ್ಟಿಗೆಯಂತೆ ಕಾಣುತ್ತವೆ. ಮನೆಯಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಪ್ರತಿ ಚಕ್ರವನ್ನೂ ಹೊತ್ತಿರುವುದು ವರ್ಟಿಕಲ್ ಲಿಂಕ್ ಎಂಬ ಉಕ್ಕಿನ ಕುಳ್ಳು ಕಂಬ. ಕವಲುಳ್ಳ ಎರಡು ತೋಳುಗಳು, ಮೇಲೊಂದು ಕೆಳಗೊಂದು, ಅದನ್ನು ಗಾಡಿಯ ಚೌಕಟ್ಟಿಗೆ ಸೇರಿಸುತ್ತವೆ. ಕೋಳಿಯ ಎದೆಯ ಮೂಳೆಯನ್ನು ಹೋಲುವುದರಿಂದ ಇವಕ್ಕೆ ವಿಷ್‌ಬೋನ್ ಎಂದು ಹೆಸರು. ಕಂಬದ ಮೇಲ್ತುದಿಯಲ್ಲಿ ಗುಂಡುಕೀಲು ಇದೆ. ಕೆಳತುದಿಯಲ್ಲಿರುವುದೇ ನಮ್ಮ ಕಥಾನಾಯಕ: ಟ್ರನಿಯನ್. ಇದು ಹಿತ್ತಾಳೆಯಂತಹ ತಾಮ್ರ ಮಿಶ್ರಲೋಹದ ಒಂದು ಗೊಟ್ಟು. ಒಳಗೆ ತಿರುಪು ಕೊರೆದಿದೆ. ಕಂಬದ ತುದಿಯ ತಿರುಪು ಅದರೊಳಗೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಬೋಲ್ಟು ನಟ್ಟಿನಲ್ಲಿ ತಿರುಗುವಂತೆ ಕಂಬವು ಟ್ರನಿಯನ್ನಿನಲ್ಲಿ ತಿರುಗುತ್ತದೆ. ಒಂದು ಬದಿಗೆ ಬಲ ತಿರುಪು, ಇನ್ನೊಂದಕ್ಕೆ ಎಡ ತಿರುಪು. ಆದುದರಿಂದ ಗಾಡಿ ಹೊರಳುವಾಗ ಒಂದು ಕಂಬ ಕೂದಲೆಳೆಯಷ್ಟು ಮೇಲೇರಿದರೆ ಇನ್ನೊಂದು ಅಷ್ಟೇ ಇಳಿಯುತ್ತದೆ!

ಇಷ್ಟು ಸರಳವಾದ ಕೀಲು ಕೆಡುವುದೇಕೆ? ಕಾರಿನ ಕೈಪಿಡಿ ಇದಕ್ಕೆ ಗ್ರೀಸನ್ನಲ್ಲ, ಗೇರುಪೆಟ್ಟಿಗೆಗೆ ಹಾಕುವಂತಹ ಮಂದವಾದ 90ನೆಯ ಅಂಕದ ಹೈಪಾಯ್ಡ್ ಎಣ್ಣೆಯನ್ನು ಹೇಳುತ್ತದೆ. ಆದರೆ ಮೊಲೆಯಂತಹ ಗ್ರೀಸ್ ನಿಪ್ಪಲ್ ಕಂಡಕೂಡಲೆ ಗ್ರೀಸ್ ಗನ್ನಿಗೆ ಕೈಹಾಕುವುದು ಮೆಕ್ಯಾನಿಕರ ಹುಟ್ಟುಗುಣ. ಲಾರಿಯ ಕಿಂಗ್‌ಪಿನ್ನಿಗೆ ಅದು ಸರಿ, ಇಲ್ಲಿ ತಪ್ಪು. ಎಣ್ಣೆ ತಿರುಪಿನ ಸುತ್ತುಗಳಲ್ಲಿ ಹರಿದು ತುದಿಯವರೆಗೂ ಮುಟ್ಟುತ್ತದೆ. ಗ್ರೀಸು ಕಾಲಕ್ರಮದಲ್ಲಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಬಳಿಕ ಮಳೆನೀರು ಒಳಸೇರುತ್ತದೆ. ಉಕ್ಕು ಮತ್ತು ತಾಮ್ರದ ಮಿಶ್ರಲೋಹ ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಲಿ ಒಂದು ಚಿಕ್ಕ ವಿದ್ಯುತ್ಕೋಶವೇ ಏರ್ಪಡುತ್ತದೆ. ಅದರಲ್ಲಿ ಕರಗುವ ಪಾಳಿ ಉಕ್ಕಿನದು. ಹೀಗೆ ತಿರುಪಿನ ಬುಡದಲ್ಲಿ ತುಕ್ಕಿನ ಸಣ್ಣ ಗುಳಿಗಳು ಬೀಳುತ್ತವೆ. ಪ್ರತಿ ಹಳ್ಳವೂ ಕಂಬವನ್ನು ಬಾಗಿಸುವುದರಿಂದ ಗುಳಿಯಲ್ಲಿ ಬಿರುಕು ಹುಟ್ಟಿ, ದಿನದಿನವೂ ಬೆಳೆದು, ಒಂದು ದಿನ ಕಂಬ ಮುರಿಯುತ್ತದೆ. ಚಕ್ರ ಗಾಡಿಯ ಅಡಿಗೆ ಮಡಿಚಿಕೊಳ್ಳುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಗಾಡಿಯನ್ನು ನಿಧಾನವಾಗಿ ನಿಲ್ಲಿಸುವ ಹೊತ್ತಿನಲ್ಲಿ ಇದು ಸಂಭವಿಸಿದರೆ ಅದೃಷ್ಟ; ಹೆದ್ದಾರಿಯಲ್ಲಾದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಬಳಿಕ ಜ್ಯಾಕಿನಿಂದ ಎತ್ತಿ, ಚೌಕಟ್ಟಿನ ಅಡಿಗೆ ಭದ್ರವಾದ ಸ್ಟ್ಯಾಂಡುಗಳನ್ನು ಇಡಬೇಕು. ಜ್ಯಾಕ್ ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ. ಸುಮಾರು 700 ಕಿಲೋಗ್ರಾಂ ತೂಗುವ ಗಾಡಿಯ ಅಡಿಯಲ್ಲಿ ಕೈ ಚಾಚುವವನು ಇದನ್ನು ಮರೆಯಕೂಡದು. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿದ ಮೇಲೆ ತಂತಿಯಿಂದ ಕಟ್ಟಿ ತೂಗುಹಾಕಬೇಕು. ರಬ್ಬರಿನ ಕೊಳವೆಯಲ್ಲಿ ಜೋತಾಡಲು ಬಿಟ್ಟರೆ ಒಂದನ್ನು ಸರಿಪಡಿಸಿ ಇನ್ನೊಂದನ್ನು ಕೆಡಿಸಿದಂತಾಗುತ್ತದೆ.

ಸುರುಳಿ ಸ್ಪ್ರಿಂಗು ಷಾಕ್ ಅಬ್ಸಾರ್ಬರನ್ನು ಬಳಸಿಕೊಂಡು ನಿಂತಿದೆ. ಇವೆರಡನ್ನೂ ಒಟ್ಟಾಗಿ ಕಳಚಲು ಮೇಲ್ಗಡೆ ಸುತ್ತಲೂ ಇರುವ ಮೂರು ನಟ್ಟುಗಳನ್ನೂ ಕೆಳಗಿನ ಬೋಲ್ಟನ್ನೂ ತೆಗೆದರೆ ಸಾಕು. ನಡುವಿನ ನಟ್ಟನ್ನು ಮಾತ್ರ ಮುಟ್ಟಲಾಗದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೇ. ಸ್ಪ್ರಿಂಗನ್ನು ಹಿಡಿದು ಕುಗ್ಗಿಸುವ ಉಪಕರಣವಿಲ್ಲದೆ ಅದನ್ನು ಬಿಚ್ಚಿದರೆ ಸ್ಪ್ರಿಂಗು ಮುಖಕ್ಕೇ ಸಿಡಿಯಬಹುದು.

ಸ್ಟಿಯರಿಂಗ್ ಸರಳಿನ ತುದಿ ಓರೆಯಾಗಿ ಸಣ್ಣಗಾಗುತ್ತಾ ಹೋಗುವ ರಂಧ್ರದಲ್ಲಿ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಎಳೆದರೆ ಅದು ಬರುವುದಿಲ್ಲ. ರಂಧ್ರವುಳ್ಳ ತುಂಡಿನ ಒಂದು ಪಕ್ಕಕ್ಕೆ ದಪ್ಪ ಸುತ್ತಿಗೆಯನ್ನು ಒತ್ತಿ ಹಿಡಿದು ಇನ್ನೊಂದು ಪಕ್ಕಕ್ಕೆ ಹೊಡೆದರೆ ರಂಧ್ರ ಕ್ಷಣಕಾಲ ವಿರೂಪಗೊಂಡು ಹಿಡಿತವನ್ನು ಬಿಡುತ್ತದೆ. ಇದಾದ ಮೇಲೆ ಟ್ರನಿಯನ್ನಿನ ಅಡ್ಡ ಬೋಲ್ಟು. ತಾಳ್ಮೆಯ ಪರೀಕ್ಷೆ ನಡೆಯುವುದು ಇಲ್ಲಿ. ಉಕ್ಕಿನ ಕೊಳವೆಯೊಳಗೆ ತುಕ್ಕು ಹಿಡಿದು ಅದು ಬೆಸೆದಂತಾಗಿರುತ್ತದೆ. ನಾವು ಒಂದು ಹೆರಾಲ್ಡಿನಲ್ಲಿ ಎರಡು ರಾತ್ರಿ ಎಣ್ಣೆಯುಣಿಸಿ, ಕಾಯಿಸಿ, ಬಡಿದು, ಕೊನೆಗೆ ಗರಗಸದಿಂದಲೇ ಕತ್ತರಿಸಬೇಕಾಯಿತು. ಹೊಸ ಬೋಲ್ಟನ್ನು ಮೊದಲೇ ತಂದಿರಿಸಿಕೊಳ್ಳುವುದು ಜಾಣತನ.

ಮೇಲಿನ ಗುಂಡುಕೀಲನ್ನೂ ಬಿಡಿಸಿ ಕಂಬವನ್ನು ಹೊರತೆಗೆದು, ಟ್ರನಿಯನ್ನನ್ನು ತಿರುಗಿಸಿ ಬಿಡಿಸಿ, ಕಂಬದ ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಹೊಸ ಟ್ರನಿಯನ್ ತಂದು ಹಳೆಯ ಕಂಬವನ್ನು ನೋಡದೆಯೆ ಜೋಡಿಸುವವರೇ ಹೆಚ್ಚು. ಆದರೆ ಮುರಿಯುವುದು ಕಂಬ, ಟ್ರನಿಯನ್ ಅಲ್ಲ. ಗುಳಿಯೋ ಗೀರೋ ಒಂದೇ ಒಂದು ಕಂಡರೂ ಕಂಬವನ್ನು ಗುಜರಿಗೆ ಹಾಕಬೇಕೆಂಬುದು ನಮ್ಮ ಮತ.

ಜೋಡಿಸುವಾಗ ಎಡಬಲದ ತಿರುಪುಗಳು ಅದಲುಬದಲಾಗದಂತೆ ನೋಡಿ, ಹೊಸ ರಬ್ಬರ್ ಬಳೆಯನ್ನು ತೊಡಿಸಿ, ಎಣ್ಣೆ ತುಂಬಿ, ಟ್ರನಿಯನ್ನನ್ನು ಕೊನೆಯವರೆಗೂ ತಿರುಗಿಸಬೇಕು. ಬಳಿಕ ಚಕ್ರ ಎರಡು ಕಡೆಗೂ ಪೂರ್ತಿ ಹೊರಳಲು ಬೇಕಾಗುವಷ್ಟು, ಎಂದರೆ ಒಂದು ಸುತ್ತಿಗೆ ಮೀರದಂತೆ, ಹಿಂದಕ್ಕೆ ತರಬೇಕು. ತಳಕ್ಕೆ ಬಿಗಿದೇ ಬಿಟ್ಟರೆ ಚಕ್ರ ಹೊರಳುವಾಗ ತಿರುಪು ತಡೆದು ಕಂಬಕ್ಕೆ ಪೆಟ್ಟಾಗುತ್ತದೆ. ಅಡ್ಡ ಬೋಲ್ಟಿನ ನೈಲಾನ್ ಬುಷ್‌ಗಳೂ ಹೊಸವಾಗಿರಲಿ.

ತೋಳುಗಳ ಒಳತುದಿಯ ರಬ್ಬರ್ ಬುಷ್‌ಗಳನ್ನು ಬದಲಾಯಿಸಿದ್ದರೆ ಅವುಗಳ ಬೋಲ್ಟುಗಳನ್ನು ಆಗಲೇ ಬಿಗಿಯಬಾರದು. ರಬ್ಬರು ಅಲ್ಲಿ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದಂದಿನಿಂದ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿಯನ್ನು ಇಳಿಸಿ, ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಉರುಳಿಸಿ, ಭಾರ ಚಕ್ರಗಳ ಮೇಲೆ ನೆಲೆನಿಂತ ಮೇಲೆ ಬಿಗಿಯುವುದು ಸರಿಯಾದ ಕ್ರಮ. ಎರಡು ಚಕ್ರಗಳ ನಡುವಣ ಅಂತರ ಮುಂದೆಯೂ ಹಿಂದೆಯೂ ಎಷ್ಟಿದೆಯೆಂಬುದನ್ನು ವರ್ಕ್‌ಷಾಪಿನಲ್ಲಿ ಅಳತೆ ಮಾಡಿಸಿದರೆ ಟೈರುಗಳು ಉಳಿಯುತ್ತವೆ.

ಕೈಪಿಡಿಗಳು ಎಣ್ಣೆಯ ಗಡುವನ್ನು ಮೈಲಿಗಳಲ್ಲಿ ಹೇಳುತ್ತವೆ, 6,000 ಮೈಲಿಗೊಮ್ಮೆ ಎಂದು. ಇಂದು ಇಂತಹ ಕಾರುಗಳು ವರ್ಷಕ್ಕೆ ಅದರಲ್ಲಿ ಕಾಲುಭಾಗವನ್ನೂ ಓಡುವುದು ವಿರಳ. ತುಕ್ಕು ಮಾತ್ರ ಮೈಲಿಗಳನ್ನು ಎಣಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಗನ್ನಿನಲ್ಲಿ ಎಣ್ಣೆಯನ್ನೇ ತುಂಬಿ, ಮೇಲಿನ ಬಳೆಯ ಅಂಚಿನಲ್ಲಿ ಶುದ್ಧವಾದ ಎಣ್ಣೆ ಜಿನುಗುವವರೆಗೆ ಒತ್ತಬೇಕು. ಮೊದಲು ಬರುವ ಹನಿ ಕಂದುಬಣ್ಣದ್ದಾಗಿದ್ದರೆ ಅಷ್ಟರಲ್ಲೇ ನೀರು ಒಳಹೊಕ್ಕಿದೆಯೆಂದು ತಿಳಿದು ಕಂಬವನ್ನು ಮತ್ತೆ ಬಿಚ್ಚಿ ನೋಡತಕ್ಕದ್ದು.