ಪ್ರಯೋಗದ ಮೇಜಿಗೆ ನಂಬಲರ್ಹವಾದ ಪವರ್ ಸಪ್ಲೈ

ಬಿತ್ತಿದ ಹೊಲಕ್ಕೆ ನೀರು ಹದವರಿತು ಹರಿಯಬೇಕು. ಹೆಚ್ಚಾದರೆ ಬೆಳೆ ಕೊಳೆಯುವುದು, ಕಡಮೆಯಾದರೆ ಬಾಡುವುದು. ಎಲೆಕ್ಟ್ರಾನಿಕ್ ಮಂಡಲಗಳ ಸ್ಥಿತಿಯೂ ಹೀಗೆಯೇ. 5 ವೋಲ್ಟಿನಲ್ಲಿ ದುಡಿಯಬೇಕಾದ ಚಿಪ್ಪಿಗೆ ಕ್ಷಣಕಾಲ 9 ವೋಲ್ಟು ತಗುಲಿದರೂ ಅದು ಕೆಟ್ಟುಹೋಗಬಹುದು. ವೋಲ್ಟು ಕಡಮೆಯಾದರೆ ಮಂಡಲವು ವಿಚಿತ್ರವಾಗಿ ವರ್ತಿಸುವುದು. ವಿದ್ಯಾರ್ಥಿಯು ತನ್ನ ಜೋಡಣೆಯಲ್ಲಿ ಇಲ್ಲದ ತಪ್ಪನ್ನು ದಿನಗಟ್ಟಲೆ ಹುಡುಕುತ್ತ ಕೂಡುವನು. ಆದುದರಿಂದ ಪ್ರಯೋಗಕ್ಕೆ ತೊಡಗುವವರು ಮೊದಲು ಆರಿಸಬೇಕಾದುದು ಒಳ್ಳೆಯ ಪವರ್ ಸಪ್ಲೈಯನ್ನು.

ಇದರ ಒಡಲಲ್ಲಿ ಏನಿದೆ? ಮನೆಗೆ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಟ್ರಾನ್ಸ್‌ಫಾರ್ಮರು ತಗ್ಗಿಸುತ್ತದೆ. ನಾಲ್ಕು ಡಯೋಡುಗಳ ಸೇತುವೆ ಅದನ್ನು ಏಕಮುಖವಾಗಿಸುತ್ತದೆ. ದೊಡ್ಡ ಕೆಪ್ಯಾಸಿಟರು ಅದರ ಏರಿಳಿತಗಳನ್ನು ತಕ್ಕಮಟ್ಟಿಗೆ ತುಂಬುತ್ತದೆ. ಕೊನೆಯಲ್ಲಿರುವ ನಿಯಂತ್ರಕವು ಉಳಿದ ಏರಿಳಿತವನ್ನು ಅಡಗಿಸಿ, ನಾವು ಕೇಳಿದಷ್ಟೇ ವೋಲ್ಟನ್ನು ಹೊರಗೆ ಬಿಡುತ್ತದೆ.

ಬೇಡಕಿಹಾಳದಂತಹ ಊರಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಡೆ ಕಬ್ಬಿಗೆ ನೀರೆತ್ತುವ ಪಂಪುಗಳು ಒಮ್ಮೆಗೇ ಚಾಲೂ ಆದಾಗ ತಂತಿಯ ಕೊನೆಯ ಮನೆಗಳಲ್ಲಿ ವೋಲ್ಟು ಇಳಿಯುವುದುಂಟು. 15 ವೋಲ್ಟಿನ ಟ್ರಾನ್ಸ್‌ಫಾರ್ಮರು, 4700 ಮೈಕ್ರೊಫ್ಯಾರಡ್ ಕೆಪ್ಯಾಸಿಟರು ಇರುವ ಉಪಕರಣದಿಂದ 12 ವೋಲ್ಟು, 1 ಆಂಪಿಯರ್ ಪಡೆಯಬೇಕೆನ್ನಿ. ಮನೆಯಲ್ಲಿ 230 ವೋಲ್ಟು ಇದ್ದರೆ ಶಿಖರ ವೋಲ್ಟು ಸುಮಾರು 21.2. ಡಯೋಡುಗಳು 1.4 ವೋಲ್ಟನ್ನು ನುಂಗುತ್ತವೆ. ಕೆಪ್ಯಾಸಿಟರಿನ ಏರಿಳಿತ 2.1 ವೋಲ್ಟು. ನಿಯಂತ್ರಕಕ್ಕೆ ಕನಿಷ್ಠ 17.7 ವೋಲ್ಟು ಸಿಗುವುದು, ಚಿಂತೆಯಿಲ್ಲ. ಆದರೆ ಮನೆಯ ವೋಲ್ಟು 180ಕ್ಕೆ ಇಳಿದರೆ? ಅದೇ ಲೆಕ್ಕದಿಂದ ಉಳಿಯುವುದು ಸುಮಾರು 13 ವೋಲ್ಟು ಮಾತ್ರ. ಸಾಮಾನ್ಯ ನಿಯಂತ್ರಕಕ್ಕೆ ತನಗಾಗಿಯೇ 2 ವೋಲ್ಟು ಬೇಕು. 12 ವೋಲ್ಟು ನಿಲ್ಲದು. ಮಂಡಲಕ್ಕೆ ಸೆಕೆಂಡಿಗೆ ನೂರು ಸಲ ಹಸಿವಾಗುವುದು!

ಹೀಗಾಗಿ ಕೊಳ್ಳುವ ಮುನ್ನ, ಎಷ್ಟು ಕಡಮೆ ವೋಲ್ಟಿನವರೆಗೆ ಉಪಕರಣವು ದುಡಿಯಬಲ್ಲುದೆಂದು ವಿಚಾರಿಸಬೇಕು. ಸ್ವಿಚಿಂಗ್ ಮಾದರಿಗಳಲ್ಲಿ ಹಲವು 100ರಿಂದ 240 ವೋಲ್ಟಿನವರೆಗೂ ನಡೆಯುತ್ತವೆ. ಹಗುರವಾಗಿವೆ, ಬಿಸಿಯೂ ಕಡಮೆ. ಆದರೆ ಅವುಗಳ ಹೊರಹರಿವಿನಲ್ಲಿ ಅಧಿಕ ಆವೃತ್ತಿಯ ಗದ್ದಲ ಬೆರೆತಿರುವುದು. ರೇಡಿಯೊ, ಧ್ವನಿವರ್ಧಕಗಳ ಕೆಲಸಕ್ಕೆ ಭಾರವಾದ ಲೀನಿಯರ್ ಮಾದರಿಯೇ ಲೇಸು.

ಎರಡನೆಯ ಗುಣ, ಪ್ರವಾಹಕ್ಕೆ ಮಿತಿ ಹಾಕುವ ಸೌಕರ್ಯ. ಹೊಸ ಮಂಡಲವನ್ನು ಮೊದಲ ಸಲ ಹಚ್ಚುವಾಗ ಮಿತಿಯನ್ನು 50 ಮಿಲಿಆಂಪಿಯರಿಗೆ ಇಟ್ಟರೆ, ತಂತಿ ತಪ್ಪಿ ಸೇರಿದ್ದರೂ ಬಿಡಿಭಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುವುವು. ಈ ಗುಂಡಿಯಿಲ್ಲದ ಉಪಕರಣ ಅಗ್ಗವಾಗಿ ದೊರೆತರೂ ಸುಟ್ಟ ಚಿಪ್ಪುಗಳ ಬೆಲೆ ಅದಕ್ಕೆ ಕೂಡುತ್ತ ಹೋಗುವುದು.

ಅಂಗಡಿಯಲ್ಲಿಯೇ ಪರೀಕ್ಷೆ ಮಾಡಲು ಒಂದು ಮಲ್ಟಿಮೀಟರು, 10 ಓಮ್ 10 ವಾಟಿನ ಒಂದು ರೋಧಕ ಸಾಕು. ಮೊದಲು ಏನನ್ನೂ ಜೋಡಿಸದೆ 5.00 ವೋಲ್ಟಿಗೆ ಇಡಿರಿ. ಬಳಿಕ ರೋಧಕವನ್ನು ಜೋಡಿಸಿರಿ. ಅರ್ಧ ಆಂಪಿಯರ್ ಹರಿಯುವುದು. ಉಪಕರಣದ ತಿರುಪುಗಳಲ್ಲಿಯೇ ಅಳೆದಾಗ ವೋಲ್ಟು 4.98ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 4.6ಕ್ಕೆ ಇಳಿದರೆ ಕೈಬಿಡಿರಿ. ಆಮೇಲೆ ಪ್ರವಾಹದ ಮಿತಿಯನ್ನು 0.1 ಆಂಪಿಯರಿಗೆ ಇಳಿಸಿರಿ. ಓಮನ ನಿಯಮದಂತೆ ಈಗ ಮೀಟರು 1 ವೋಲ್ಟನ್ನು ತೋರಿಸಬೇಕು. ತೋರಿಸದಿದ್ದರೆ ಆ ಗುಂಡಿ ಬರಿಯ ಅಲಂಕಾರ!

ಇನ್ನೊಂದು ಪರೀಕ್ಷೆಗೆ ಕಾಲೇಜಿನ ಆಸಿಲೋಸ್ಕೋಪು ಬೇಕು. ಸ್ವಿಚ್ಚನ್ನು ಹಾಕುವಾಗಲೂ ತೆಗೆಯುವಾಗಲೂ ಹೊರಬರುವ ವೋಲ್ಟು ಇಟ್ಟ ಗುರುತನ್ನು ಮೀರಿ ನೆಗೆಯಬಾರದು.

ಜೀವರಕ್ಷಣೆಯ ಮಾತು ಕೊನೆಗೆ ಬಂದರೂ ಕಿರಿದಲ್ಲ. ಲೋಹದ ಪೆಟ್ಟಿಗೆಯಾದರೆ ಮೂರು ಕಡ್ಡಿಯ ಪ್ಲಗ್ಗು ಇರಲೇಬೇಕು. ಮನೆಯ ಸಾಕೆಟ್ಟಿನಲ್ಲಿ ನಿಜವಾಗಿ ಭೂಸಂಪರ್ಕ ಉಂಟೋ ಎಂಬುದನ್ನು ಬಲ್ಲವರಿಂದ ನೋಡಿಸಬೇಕು. ಫ್ಯೂಸು, ಗಾಳಿಯಾಡುವ ಕಿಂಡಿಗಳೂ ಇರಬೇಕು.

30 ವೋಲ್ಟು, 10 ಆಂಪಿಯರ್ ಎಂಬ ದೊಡ್ಡ ಅಂಕಿಗಳಿಗೆ ಮರುಳಾಗಬೇಕಾಗಿಲ್ಲ. ವಿದ್ಯಾರ್ಥಿಯ ಹೆಚ್ಚಿನ ಪ್ರಯೋಗಗಳು 15 ವೋಲ್ಟು, 1 ಆಂಪಿಯರಿನೊಳಗೆ ಮುಗಿಯುತ್ತವೆ. ಕೊಟ್ಟ ಮಾತಿನಂತೆ ನಡೆಯುವ ಚಿಕ್ಕ ಉಪಕರಣವು, ಮಾತಿಗೆ ತಪ್ಪುವ ದೊಡ್ಡದಕ್ಕಿಂತ ಮೇಲು.