ಕಾಕ್‌ಪಿಟ್‌ನಲ್ಲಿ ಕಿರಿಯರ ದನಿ

1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದು ಅಧ್ಯಯನ ಪ್ರಕಟಿಸಿತು. 1978ರಿಂದ 1990ರವರೆಗೆ ಪೈಲಟ್‌ಗಳ ಲೋಪದಿಂದ ಆದ 37 ದೊಡ್ಡ ವಿಮಾನ ಅಪಘಾತಗಳನ್ನು ಅದು ಮತ್ತೆ ಕೆದಕಿ ನೋಡಿತ್ತು. ವಿಮಾನ ಹಾರಿಸುವ ಕೆಲಸವನ್ನು ಕ್ಯಾಪ್ಟನ್ ಮತ್ತು ಸಹಪೈಲಟ್ ಸಾಮಾನ್ಯವಾಗಿ ಸರಿಸುಮಾರು ಸಮನಾಗಿ ಹಂಚಿಕೊಳ್ಳುತ್ತಾರೆ. ಈ ಹಾರಾಟ ಒಬ್ಬರದಾದರೆ ಮುಂದಿನದು ಇನ್ನೊಬ್ಬರದು. ಆದರೆ ಈ ಅಪಘಾತಗಳಲ್ಲಿ ಶೇ. 80ಕ್ಕೂ ಹೆಚ್ಚು ಸಲ ವಿಮಾನ ಇದ್ದದ್ದು ಕ್ಯಾಪ್ಟನ್ ಕೈಯಲ್ಲಿ, ಅಂದರೆ ಹೆಚ್ಚು ಅನುಭವ ಇದ್ದವರ ಕೈಯಲ್ಲಿ.

ಕಾರಣ ಕೌಶಲದಲ್ಲಿಲ್ಲ. ಸಹಪೈಲಟ್ ತಪ್ಪು ಮಾಡಿದರೆ ಪಕ್ಕದಲ್ಲಿರುವ ಕ್ಯಾಪ್ಟನ್ ತಕ್ಷಣ ತಿದ್ದುತ್ತಾರೆ, ಬೇಕಾದರೆ ಗದರುತ್ತಾರೆ. ಕ್ಯಾಪ್ಟನ್ ತಪ್ಪಿದರೆ ತಿದ್ದುವ ಹೊಣೆ ಕಿರಿಯರ ಮೇಲೆ ಬೀಳುತ್ತದೆ. ಆ 37ರಲ್ಲಿ 31 ಅಪಘಾತಗಳಲ್ಲಿ ಎಡವಟ್ಟಾದದ್ದು ಈ ಗಮನಿಸುವ, ಪ್ರಶ್ನಿಸುವ ಕೆಲಸದಲ್ಲೇ.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ದಟ್ಟ ಮಂಜು ಕವಿದಿತ್ತು. ಡಚ್ ವಿಮಾನವೊಂದು ರನ್‌ವೇ ಮೇಲೆ ಓಡತೊಡಗಿದಾಗ, ಎದುರಿನ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಆ ಕ್ಯಾಪ್ಟನ್ ಕಂಪನಿಯ ಹಿರಿಯ ತರಬೇತುದಾರ. ಪಕ್ಕದಲ್ಲಿದ್ದ ಸಹಪೈಲಟ್‌ನ ಅರ್ಹತಾ ಪರೀಕ್ಷೆ ನಡೆಸಿದ್ದವರೂ ಅವರೇ. ಅಂಥವರು ಹೌದೆಂದ ಮೇಲೆ ಯಾರೂ ಮತ್ತೆ ಕೇಳಲಿಲ್ಲ. ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ಕಿರಿಯರು ಪೂರ್ತಿ ಮೌನವಾಗಿರುವುದು ಅಪರೂಪ. ಅವರು ಮಾತಾಡುತ್ತಾರೆ, ಆದರೆ ಮಾತಿನ ಮೊನೆ ಮುರಿದು ಮಾತಾಡುತ್ತಾರೆ. ಭಾಷಾವಿಜ್ಞಾನಿ ಷಾರ್ಲಟ್ ಲಿಂಡ್ 1980ರ ದಶಕದಲ್ಲಿ ಕಾಕ್‌ಪಿಟ್ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿದಾಗ, ಹೀಗೆ ಮೆದುಗೊಳಿಸಿ ಹೇಳಿದ ಸಲಹೆಗಳು ಕಾರ್ಯಗತವಾಗುವ ಸಾಧ್ಯತೆ ಕಡಿಮೆ ಎಂದು ಕಂಡಿತು. ಮುಂದೆ ಸಂಶೋಧಕರಾದ ಊಟೆ ಫಿಷರ್ ಮತ್ತು ಜೂಡಿತ್ ಒರಸಾನು ಪೈಲಟ್‌ಗಳ ಮುಂದೆ ಅಪಾಯದ ಸನ್ನಿವೇಶಗಳನ್ನಿಟ್ಟು, ಪಕ್ಕದವರಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಕ್ಯಾಪ್ಟನ್‌ಗಳು ಹೆಚ್ಚಾಗಿ ಆಜ್ಞೆಯ ಮಾತು ಆರಿಸಿಕೊಂಡರು, ಸಹಪೈಲಟ್‌ಗಳು ಸೂಚನೆಯ ಮಾತು. "ಎಡಕ್ಕೆ ತಿರುಗಿಸಿ" ಎನ್ನುವುದಕ್ಕೂ "ಮುಂದೆ ಮೋಡ ಸ್ವಲ್ಪ ಜಾಸ್ತಿ ಇರೋ ಹಾಗಿದೆ, ಸರ್" ಎನ್ನುವುದಕ್ಕೂ ಇರುವ ಅಂತರ ನಮ್ಮ ಕಚೇರಿಗಳಲ್ಲಿ ದುಡಿದ ಯಾರಿಗೂ ಹೊಸದಲ್ಲ. ಎರಡನೆಯದರಲ್ಲಿ ಅಪಾಯವನ್ನು ಊಹಿಸಿಕೊಳ್ಳುವ ಕೆಲಸ ಕೇಳುವವರ ಪಾಲಿಗೆ ಬರುತ್ತದೆ. ಆ ಹೊತ್ತಿನಲ್ಲಿ ಅವರ ತಲೆ ಬೇರೆಲ್ಲೋ ಇರುತ್ತದೆ.

1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಆದದ್ದು ಅದೇ. ಚಕ್ರ ಸರಿಯಾಗಿ ಇಳಿದಿದೆಯೇ ಎಂಬ ಚಿಂತೆಯಲ್ಲಿ ಯುನೈಟೆಡ್ ಕಂಪನಿಯ ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹೊಡೆದರು. ಇಂಧನ ಕಮ್ಮಿಯಾಗುತ್ತಿರುವುದನ್ನು ಸಹೋದ್ಯೋಗಿಗಳು ಎತ್ತಿದರೂ ಒತ್ತಿ ಹೇಳಲಿಲ್ಲ. ಟ್ಯಾಂಕ್ ಬರಿದಾಗಿ ವಿಮಾನ ಬಿತ್ತು, 10 ಜನ ಸತ್ತರು. ಇದಾದ ಮೇಲೆ ಎಚ್ಚೆತ್ತ ಕಂಪನಿ 1981ರಲ್ಲಿ, ಕಿರಿಯರಿಗೆ ನೇರವಾಗಿ ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ಕಲಿಸುವ ತರಬೇತಿ ಆರಂಭಿಸಿತು. ಇಂದು ಅದು ಜಗತ್ತಿನೆಲ್ಲೆಡೆ ಪೈಲಟ್‌ಗಳಿಗೆ ಕಡ್ಡಾಯ.

ಆದರೆ ಬಾಯಿಬಿಟ್ಟು ಹೇಳುವುದನ್ನು ಕಲಿಸಿದರೆ ಸಾಕೇ? ಮಂಗಳೂರಿನ ದುರಂತವನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನರಿದ್ದರು. ಹಾರಾಟದಲ್ಲಿ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರೆಂದು ಧ್ವನಿಮುದ್ರಣದಿಂದ ಗೊತ್ತಾಯಿತು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಪೈಲಟ್ ಸುಮ್ಮನಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕು ಎಂಬರ್ಥದ "ಗೋ ಅರೌಂಡ್" ಮಾತನ್ನು ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಿತ್ತು. ಆದರೂ ಕ್ಯಾಪ್ಟನ್ ಇಳಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ತಲೆ ಸವರಿ ಮಾಡಿದ ಬಜ್ಪೆಯ ಆ ನಿಲ್ದಾಣದಲ್ಲಿ ರನ್‌ವೇ ಮುಗಿದ ಮೇಲೆ ಇರುವುದು ಕಣಿವೆ. ಬದುಕಿದವರು 8 ಜನ.

ತನಿಖಾ ವರದಿ ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿತು. ಸಹಪೈಲಟ್ ತಾನೇ ನಿಯಂತ್ರಣ ಕೈಗೆ ತೆಗೆದುಕೊಂಡು ವಿಮಾನವನ್ನು ಮೇಲೇರಿಸಬಹುದೇ ಎಂಬ ಬಗ್ಗೆ ಇದ್ದ ಬೇರೆ ಬೇರೆ ಸೂಚನೆಗಳಲ್ಲಿ ಗೊಂದಲವಿತ್ತು. ಬಹುಶಃ ಅದರಿಂದಲೇ ಅವರು ಮತ್ತೆ ಮತ್ತೆ ಕೂಗಿ ಹೇಳಿದರೂ ನಿಯಂತ್ರಣ ತೆಗೆದುಕೊಳ್ಳಲಿಲ್ಲ ಎಂದಿತು. ಆ ಕೆಲವು ಸೆಕೆಂಡುಗಳಲ್ಲಿ ಒಬ್ಬ ಕಿರಿಯನಿಂದ ಧೈರ್ಯ ಬೇಡುವುದು ಅನ್ಯಾಯ ಎಂದೇ ನನಗನಿಸುತ್ತದೆ. ಅವರ ಮಾತಿಗೆ ಎಷ್ಟು ತೂಕ, ಅದನ್ನು ಕೇಳದಿದ್ದರೆ ಮುಂದೇನು ಎಂಬುದನ್ನು ಸಂಸ್ಥೆ ಬಹಳ ಮೊದಲೇ ನಿರ್ಧರಿಸಿಟ್ಟಿರಬೇಕು. ಇಬ್ಬರಲ್ಲಿ ಯಾರೇ "ಗೋ ಅರೌಂಡ್" ಎಂದರೂ ಚರ್ಚೆಯಿಲ್ಲದೆ ಮೇಲೇರಲೇಬೇಕು ಎಂಬ ನಿಯಮ ಇಂದು ಅನೇಕ ಕಂಪನಿಗಳಲ್ಲಿದೆ. ಮೇಲೇರಿದವರನ್ನು ಆಮೇಲೆ ಇಂಧನ ದಂಡವಾಯಿತೆಂದು ಹಿಡಿದು ಕೇಳಬಾರದು ಎಂಬುದೂ ಅದರ ಜೊತೆಗಿದೆ. ಎರಡನೆಯದಿಲ್ಲದೆ ಮೊದಲನೆಯದು ಕಾಗದದಲ್ಲೇ ಉಳಿಯುತ್ತದೆ.

ಬೇರೆ ವೃತ್ತಿಗಳ ಕಥೆಯೂ ಹೀಗೇ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವರ ನಿರೀಕ್ಷೆ. ಲೆಕ್ಕ ನೋಡಿದರೆ ಅಲ್ಲೇ ಹೆಚ್ಚು! ಬಗೆದು ನೋಡಿದಾಗ ತಿಳಿಯಿತು: ಆ ವಾರ್ಡುಗಳಲ್ಲಿ ನರ್ಸ್‌ಗಳು ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು. ಉಳಿದೆಡೆ ತಪ್ಪುಗಳು ದಾಖಲೆಗೆ ಬರುತ್ತಿರಲಿಲ್ಲ, ಅಷ್ಟೇ. ದೂರುಗಳೇ ಇಲ್ಲದ ಇಲಾಖೆಯನ್ನು ಹೊಗಳುವ ನಮ್ಮ ಅಧಿಕಾರಿಗಳು ಈ ಫಲಿತಾಂಶವನ್ನು ಓದಬೇಕು.

ಶಸ್ತ್ರಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ತಂದ 19 ಅಂಶಗಳ ಪಟ್ಟಿಯಲ್ಲೂ ಇದೇ ಅರಿವು ಇದೆ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ ಮೇಲೆ ರೋಗಿಗಳ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಚರ್ಮಕ್ಕೆ ಕತ್ತಿ ಇಡುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂಬುದು ಅದರ ಒಂದು ಅಂಶ. ಸೋಂಕು ತಡೆಯುವ ಔಷಧ ಕೊಟ್ಟಾಯಿತೇ ಎಂದು ಕೇಳುವುದು ಇನ್ನೊಂದು. ನರ್ಸ್ ಇದನ್ನು ಪಟ್ಟಿ ನೋಡಿಯೇ ಕೇಳುವುದರಿಂದ ಹಿರಿಯ ಸರ್ಜನ್‌ಗೆ ಅದು ಅಧಿಕಪ್ರಸಂಗ ಅನ್ನಿಸುವುದಿಲ್ಲ. ಉತ್ತರ ಸಿಗುವವರೆಗೆ ಸರ್ಜನ್ ಕಾಯುತ್ತಾರೆ.