ಗಣಕಯಂತ್ರದ ‘ಇಲ್ಲ’ ಮತ್ತು ‘ತಿಳಿಯದು’

ರೇಖಾಗಣಿತದಲ್ಲಿ ಒಮ್ಮೆ ಸಿದ್ಧವಾದ ಪ್ರಮೇಯವು ಮುಂದೆ ಎಷ್ಟು ಹೊಸ ಸಂಗತಿಗಳು ಬಂದು ಸೇರಿದರೂ ಸುಳ್ಳಾಗದು. ಲೋಕವ್ಯವಹಾರದ ತರ್ಕ ಹಾಗಲ್ಲ. ಹಕ್ಕಿಯೆಂದು ಕೇಳಿದೊಡನೆ ಅದು ಹಾರುತ್ತದೆಂದು ಭಾವಿಸುತ್ತೇವೆ. ಆ ಹಕ್ಕಿ ಪೆಂಗ್ವಿನ್ ಎಂದು ತಿಳಿದ ಮೇಲೆ ಆ ಮಾತನ್ನು ಹಿಂದೆಗೆದುಕೊಳ್ಳುತ್ತೇವೆ. ಹೀಗೆ ಹಿಂದೆಗೆದುಕೊಳ್ಳಬಹುದಾದ ನಿರ್ಣಯಗಳ ತರ್ಕಕ್ಕೆ ನಾನ್‌ಮಾನೊಟಾನಿಕ್ ಲಾಜಿಕ್ ಎಂದು ಹೆಸರು. ವ್ಯಾಕರಣದ ಉತ್ಸರ್ಗ-ಅಪವಾದಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸಲಾರದು. 1980ರಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಪತ್ರಿಕೆಯ ಒಂದೇ ಸಂಪುಟದಲ್ಲಿ ಜಾನ್ ಮೆಕಾರ್ಥಿ, ರೇಮಂಡ್ ರೈಟರ್, ಡ್ರೂ ಮೆಕ್‌ಡರ್ಮಟ್ ಮತ್ತು ಜಾನ್ ಡಾಯ್ಲ್ ಅವರು ಇದಕ್ಕೆ ಶಾಸ್ತ್ರರೂಪ ಕೊಟ್ಟರು.

ಕೃತಕ ಬುದ್ಧಿಮತ್ತೆಯಲ್ಲಿ ಈ ತರ್ಕದ ನಿಜವಾದ ಪರೀಕ್ಷೆ ನಡೆಯುವುದು ಯಂತ್ರಕ್ಕೆ ನಾವು ಪ್ರಶ್ನೆ ಹಾಕಿದಾಗ. ರೈಲ್ವೆ ವೇಳಾಪಟ್ಟಿಯನ್ನು ತೆಗೆದುಕೊಳ್ಳಿರಿ. ಇರುವ ಗಾಡಿಗಳನ್ನಷ್ಟೇ ಅದರಲ್ಲಿ ಮುದ್ರಿಸಿರುತ್ತಾರೆ; ಇಲ್ಲದ ಗಾಡಿಗಳನ್ನು ಬರೆಯಹೊರಟರೆ ಪುಸ್ತಕ ಮುಗಿಯುವುದುಂಟೇ? ಪಟ್ಟಿಯಲ್ಲಿ ಕಾಣದ್ದು ಇಲ್ಲವೆಂದೇ ತಿಳಿಯುವ ಈ ಕ್ರಮಕ್ಕೆ ರೈಟರ್ 1978ರಲ್ಲಿ ‘ಮುಚ್ಚಿದ ಜಗತ್ತಿನ ಊಹೆ’ ಎಂಬರ್ಥದ ಹೆಸರಿಟ್ಟರು. ಸಾಧಿಸಲಾಗದ್ದನ್ನು ‘ಇಲ್ಲ’ ಎಂದು ಹೇಳುವ ಪ್ರೋಲಾಗ್ ಭಾಷೆಯ ಪದ್ಧತಿಗೆ ಕೀತ್ ಕ್ಲಾರ್ಕ್ ತಾರ್ಕಿಕ ಆಧಾರವನ್ನು ಒದಗಿಸಿದ್ದೂ ಅದೇ ವರ್ಷವೇ.

ಅಪಾಯವಿರುವುದೂ ಇಲ್ಲಿಯೇ. ಮೈಕೆಲ್ ಗೆಲ್ಫಾಂಡ್ ಮತ್ತು ವ್ಲಾದಿಮಿರ್ ಲಿಫ್ಶಿಟ್ಸ್ ಅವರು 1991ರ ಪ್ರಬಂಧವೊಂದರಲ್ಲಿ ಶಾಲಾ ಬಸ್ಸಿನ ಉದಾಹರಣೆಯನ್ನು ಕೊಟ್ಟಿದ್ದಾರೆ. ಗಾಡಿ ಬರುತ್ತಿಲ್ಲವಾದರೆ ಬಸ್ಸು ಹಳಿಯನ್ನು ದಾಟಬಹುದೆಂಬುದು ನಿಯಮ. ಗಾಡಿಯ ವಿಷಯ ಏನೂ ತಿಳಿದಿಲ್ಲವೆಂಬುದನ್ನೇ ಗಾಡಿ ಬರುತ್ತಿಲ್ಲವೆಂದು ಯಂತ್ರವು ಅರ್ಥೈಸಿಕೊಂಡರೆ ಮಕ್ಕಳ ಗತಿಯೇನು? ಆದುದರಿಂದ ಅವರು ಎರಡು ನಿಷೇಧಗಳನ್ನು ಬೇರ್ಪಡಿಸಿದರು: ‘ಇಲ್ಲವೆಂದು ತಿಳಿದಿದೆ’ ಎಂಬುದು ಒಂದು, ‘ಇದೆಯೆಂದು ತಿಳಿದಿಲ್ಲ’ ಎಂಬುದು ಇನ್ನೊಂದು. ಯಂತ್ರದ ಉತ್ತರಗಳೂ ಮೂರಾದವು: ಹೌದು, ಇಲ್ಲ, ತಿಳಿಯದು.

ನಮ್ಮ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರಮಾಣವೆಂದು ಒಪ್ಪಿದವರು. ಆದರೆ ಯೋಗ್ಯತೆಯ ನಿರ್ಬಂಧವನ್ನು ಹಾಕಿಯೇ ಒಪ್ಪಿದರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದರ ಅಭಾವ ಸಿದ್ಧ. ಬೆಳಕಿನ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ; ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ವೇಳಾಪಟ್ಟಿ ಬೆಳಕಿನ ಕೋಣೆ. ಗೇಟಿನ ಆಚೆ ತಿರುವಿನಲ್ಲಿ ಮರೆಯಾದ ಹಳಿ ಕತ್ತಲೆಯ ಕೋಣೆ. ಇಬ್ಬರ ಉದ್ದೇಶಗಳು ಬೇರೆಯಾದರೂ ಈ ಎಚ್ಚರ ಒಂದೇ ಎಂದು ನನ್ನ ಭಾವನೆ.

ಆಸ್ಪತ್ರೆಯ ದಾಖಲೆಯಲ್ಲಿ ‘ಪೆನಿಸಿಲಿನ್ ಒಗ್ಗದು’ ಎಂಬ ಅಂಕಣ ಖಾಲಿಯಿದೆಯೆನ್ನೋಣ. ರೋಗಿಗೆ ಆ ದೋಷವಿಲ್ಲವೋ, ಅಥವಾ ಯಾರೂ ಅವನನ್ನು ಕೇಳಿಯೇ ಇಲ್ಲವೋ? ಇಂದು ಬಳಕೆಯಲ್ಲಿರುವ ಆನ್ಸರ್ ಸೆಟ್ ಪ್ರೋಗ್ರಾಮಿಂಗ್ ಎಂಬ ಕ್ರಮದಲ್ಲಿ ‘ಪಟ್ಟಿಯಲ್ಲಿಲ್ಲದ್ದು ಇಲ್ಲ’ ಎಂಬುದನ್ನು ಆಯಾ ವಿಷಯಕ್ಕೆ ಪ್ರತ್ಯೇಕವಾಗಿ ಒಂದು ಸಾಲಿನಲ್ಲಿ ಬರೆಯಬಹುದು. ವೇಳಾಪಟ್ಟಿಗೆ ಆ ಸಾಲನ್ನು ಬರೆಯುತ್ತಾರೆ. ಪೆನಿಸಿಲಿನ್ನಿಗೆ ಬರೆಯದೆ ಬಿಟ್ಟರೆ ಯಂತ್ರವು ‘ತಿಳಿಯದು’ ಎನ್ನುತ್ತದೆ. ಸೂಜಿ ಚುಚ್ಚುವ ಮೊದಲು ವೈದ್ಯರು ರೋಗಿಯನ್ನೇ ಕೇಳುತ್ತಾರೆ.